ಜೈಲಿನಲ್ಲಿ ಮಾವ ಆರಾಮ

ನನ್ನ ಸೋದರಮಾವನ ಎದೆ ಕೆಟ್ಟಿದೆ ಎಂದು ನಂಬಿಸಲು ಎರಡು ಅರ್ಜಿ ಟೈಪ್ ಮಾಡಬೇಕಾಯಿತು. ಅಡ್ಡಗಾಲು ಹಾಕಿದ್ದು ಯಾರು ಗೊತ್ತೆ? ಡಾಕ್ಟರಲ್ಲ, ಜೈಲರಲ್ಲ. ಸ್ವತಃ ಮಾವ!

ಐಗಳಿಯ ಈ ಮಾವ ಹೊಲದ ಬಾಂದಿನ ಜಗಳದಲ್ಲಿ ದಾಯಾದಿಯ ತಲೆ ಒಡೆದು ಜೈಲು ಸೇರಿದವರು. (ಬಾಂದು ಮಾತ್ರ ಇದ್ದಲ್ಲೇ ಇದೆ.) ಒಳಗೆ ಹೋದ ಮೇಲೆ ಎದೆಯ ಬೇನೆ ಜೋರಾಯಿತು. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಅಷ್ಟರಲ್ಲಿ ಈ ಸೂರತ್ತಿನ ಪ್ಲೇಗಿನ ಸುದ್ದಿ. ಅಥಣಿ ಪೇಟೆಯಲ್ಲಿ ಎಲ್ಲರ ಮೂಗಿಗೂ ಕರ್ಚೀಫು! ಕಿಕ್ಕಿರಿದ ಬ್ಯಾರಕ್ಕಿಗೆ ಪ್ಲೇಗು ಹೊಕ್ಕರೆ ಇಂಥ ಎದೆಯವರು ಉಳಿಯುತ್ತಾರೆಯೇ?

ಅತ್ತೆ ಓಡಿ ಬಂದರು. "ಹೆಂಗರ ಮಾಡಿ ನಿಮ್ಮ ಮಾವನ್ನ ಮನಿಗಿ ಕರ್ಕೊಂಡ್ ಬಾರೋ ತಮ್ಮಾ. ನನ್ನ ಕಣ್ಣ ಮುಂದರ ಇರ್ಲಿ."

ಟೈಪ್‌ರೈಟರ್ ಮುಂದೆ ಕೂತೆ. ‘ತೀವ್ರ ಅನಾರೋಗ್ಯ’, ‘ಮಾನವೀಯ ದೃಷ್ಟಿಯಿಂದ ಬಿಡುಗಡೆ’... ಓದಿದರೆ ನನಗೇ ಅಳು ಬರಬೇಕು, ಹಾಗೆ ಕುಟ್ಟಿದೆ. ತಪಾಸಣೆಗೆ ಡಾಕ್ಟರೂ ಬಂದರು. ಮೈಸೂರು ಕಡೆಯವರು. ಪ್ಲೇಗಿನ ಭಯಕ್ಕೆ ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತು, "ಹೇಗಿದ್ದೀರಿ?" ಎಂದರಂತೆ.

ಸಾಹೇಬರು ಬರುತ್ತಾರೆಂದು ಮಾವ ಬೆಳಿಗ್ಗೆಯೇ ದಾಡಿ ಮಾಡಿಸಿ, ಮೀಸೆ ತಿರುವಿ, ಟೋಪಿ ಒಗೆದು ಹಾಕಿಕೊಂಡಿದ್ದರು. ಗೋಡೆ ಹಿಡಿದು ಎದ್ದು ನಿಂತು ಕೈ ಮುಗಿದರು.

"ಆರಾಮ್ ಅದೀನ್ರಿ ಸಾಹೇಬ್ರ! ನೀವ್ ಆರಾಮ್ರಿ? ಮನ್ಯಾಗ ಎಲ್ಲಾರೂ ಆರಾಮ್?"

ಡಾಕ್ಟರು ಬರೆದರು: ಆರೋಗ್ಯ ಉತ್ತಮ.

ಬರೆಯದೆ ಇನ್ನೇನು ಮಾಡಿಯಾರು? ನಮ್ಮ ಕಡೆಯವರು ಸಲೈನ್ ಏರಿಸಿಕೊಂಡು ಮಲಗಿದ್ದರೂ, ಕೇಳಿದರೆ ಹೇಳುವುದು ಆರಾಮ ಎಂದೇ. ಮೈಸೂರಿನವರಿಗೆ ಅದು ಹೇಗೆ ಗೊತ್ತಾಗಬೇಕು?

ಭೇಟಿಯ ದಿನ ಅತ್ತೆ ತರಾಟೆಗೆ ತೆಗೆದುಕೊಂಡರು. ಮಾವ ಮೀಸೆ ಮುಟ್ಟಿಕೊಂಡು, "ಮನಿತನಕ ಬಂದವರ ಮುಂದ ಅಳ್ಕೋತ ಕುಂಡರ್ಬೇಕೇನ್?" ಎಂದರು.

"ಮನಿ? ಇದ ಮನಿ ಏನ್ರಿ ನಿಮಗ?" ಎಂದ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟರು. ಅಲ್ಲಿಯವರೆಗೆ ನಗುತ್ತಿದ್ದ ನಾನು ತಲೆ ತಗ್ಗಿಸಿದೆ.

ಎರಡನೇ ಅರ್ಜಿಯಲ್ಲಿ ಬರೆದೆ: ‘ಅರ್ಜಿದಾರರು ಆರಾಮ ಎಂದದ್ದು ಕೇವಲ ಮರ್ಯಾದೆಗಾಗಿ. ಅದಕ್ಕೂ ಅವರ ಪುಪ್ಪುಸಕ್ಕೂ ಯಾವುದೇ ಸಂಬಂಧವಿರುವುದಿಲ್ಲ.’ ಓದಿ ಡಾಕ್ಟರು ಬಿದ್ದು ಬಿದ್ದು ನಕ್ಕರಂತೆ. ನಕ್ಕು, ಮತ್ತೆ ಬಂದರು. ಈ ಸಲ ಏನನ್ನೂ ಕೇಳಲಿಲ್ಲ. ಪಕ್ಕದಲ್ಲಿ ಕೂತು ಸ್ಟೆತಾಸ್ಕೋಪ್ ಎದೆಗಿಟ್ಟರು. ನಗು ನಿಂತಿತು. ಅಲ್ಲೇ ರಿಪೋರ್ಟ್ ಬರೆದರು.

ಮೊನ್ನೆ ಬಿಡುಗಡೆಯಾಯಿತು! ಒಂದು ಕಡೆ ನಾನು, ಇನ್ನೊಂದು ಕಡೆ ಅತ್ತೆ, ನಡುವೆ ತೇಕುತ್ತ ಮಾವ. ಬಸ್‌ಸ್ಟ್ಯಾಂಡಿನಲ್ಲಿ ಬೋರಗಾಂವದ ಪರಿಚಯದವನೊಬ್ಬ ಕೂಗಿ ಕ್ಷೇಮ ಕೇಳಿದ, "ಕಾಯ್ ಮಾಮಾ, ಬರಂ ಆಹೇ ಕಾ?"

"ಏಕದಮ್ ಝಕಾಸ್!" ಎಂದರು ಮಾವ. (ಮರಾಠಿಯಲ್ಲೂ ಆರಾಮ!) ಡಾಕ್ಟರು ಎಲ್ಲಾದರೂ ಕೇಳಿಸಿಕೊಂಡಾರೆಂದು ನಾನು ಅವರನ್ನು ಬಸ್ಸಿನೊಳಗೆ ನೂಕಿದೆ.

ಅಲ್ಲ, ದೂರ ನಿಂತು ಕೇಳಿದರೆ ನಮ್ಮಲ್ಲಿ ಆರಾಮ ಇಲ್ಲದವರು ಯಾರಿದ್ದಾರೆ ಹೇಳಿ?