ಬಿಸಿ ತಾಗದ ಕೈ

ಆ ಕಾಲಕ್ಕೆ ಮುಳಬಾಗಿಲಿನ ಅಗ್ರಹಾರದಲ್ಲಿ ಮದುವೆಯಾಗಲಿ ತಿಥಿಯಾಗಲಿ ಅಡುಗೆಗೆ ಗುಂಡಮ್ಮನೇ ಆಗಬೇಕು. ಮುಹೂರ್ತವನ್ನಾದರೂ ಮುಂದಕ್ಕೆ ಹಾಕಿಯಾರು, ಗುಂಡಮ್ಮನನ್ನು ಬಿಟ್ಟಾರೇ? ಅವಳ ಕೈರುಚಿ ಒಂದು ಕಾರಣವಾದರೆ, ಅವಳ ಮಡಿ ಇನ್ನೊಂದು. ಕುದಿಯುವ ಹುಳಿಯ ಪಾತ್ರೆ ಇಳಿಸುವಾಗ ಬೇರೆ ಅಡುಗೆಯವರು ಬಟ್ಟೆ ಹುಡುಕುತ್ತಿದ್ದರು. ಆ ಬಟ್ಟೆ ಯಾವ ಮೈಲಿಗೆಯದೋ ಯಾರಿಗೆ ಗೊತ್ತು. ಗುಂಡಮ್ಮ ಬರಿಗೈಯಲ್ಲಿ ಕಂಠ ಹಿಡಿದು ಇಳಿಸಿಬಿಡುತ್ತಿದ್ದಳು. "ಮಡಿ ಅಂದ್ರೆ ಇದು ಕಣ್ರೀ. ಯಾರನ್ನ ಸುಡಬೇಕು, ಯಾರನ್ನ ಬಿಡಬೇಕು ಅಂತ ಅಗ್ನಿಗೂ ಗೊತ್ತು," ಎಂದು ಶಾನುಭೋಗ ಪ್ರಹ್ಲಾದರಾಯರು ಪಂಕ್ತಿಯಲ್ಲಿ ಕೂತು ಹೇಳುತ್ತಿದ್ದರು. ಎಲೆಯ ಮುಂದೆ ಕೂತವರಿಗೆ ಒಲೆಯ ಮುಂದಿನ ಸಂಗತಿಯೆಲ್ಲ ತಿಳಿದೇ ಇರುತ್ತದೆ.

ಮೊದಮೊದಲು ಅಗ್ನಿ ಅವಳನ್ನೂ ಸುಡುತ್ತಿತ್ತು. ಗಂಡ ಸತ್ತ ವರ್ಷ, ಕಂಕುಳಲ್ಲಿ ಮಗಳು ಮಾಧವಿಯನ್ನಿಟ್ಟುಕೊಂಡು ಕಂಡವರ ಮನೆಯ ಒಲೆಗೆ ನಿಂತಾಗ, ಬೊಬ್ಬೆ ಎದ್ದ ಬೆರಳನ್ನು ತುಪ್ಪದಲ್ಲದ್ದಿ ಅತ್ತವಳು ಅವಳು. ಆಮೇಲೆ ಯಾವಾಗಲೋ ಸುಡುವುದು ನಿಂತಿತು. ಎಂದು ನಿಂತಿತು ಅಂತ ಅವಳಿಗೂ ತಿಳಿಯದು. ಊರೆಲ್ಲ ದೇವರ ಕೃಪೆ ಎಂದಿತು. ಗುಂಡಮ್ಮನೂ ಹಾಗೆಯೇ ಅಂದುಕೊಂಡಳು. ಹೊಗಳಿಕೆ ಯಾರಿಗೆ ಬೇಡ?

ಆ ಹೊತ್ತಿಗೆ, ಎಪ್ಪತ್ತೈದನೇ ಇಸವಿಯ ಸುಮಾರಿಗೆ, ಬೆಂಗಳೂರಿಂದ ಒಂದು ತಂಡ ಬಂತು. ದೊಡ್ಡ ರೋಗ, ಅಂದರೆ ಕುಷ್ಠ, ಯಾವ ಕೇರಿಯಲ್ಲಿ ಹೆಚ್ಚು, ಬಡವರಿಗೇ ಯಾಕೆ ಹೆಚ್ಚು ಅಂತ ಅಧ್ಯಯನ ಮಾಡುವವರು. ಚನ್ನರಾಯಪ್ಪ ಅಂತ ಎಳೆ ವಯಸ್ಸಿನ ಡಾಕ್ಟರು ಅದರ ಮುಂದಾಳು. ಊರಾಚೆಯ ಕಾಲೋನಿಯಲ್ಲಿ ಒಂದು ಗುಡಿಸಲನ್ನೂ ಬಿಡದೆ ಎಲ್ಲರ ಮೈ ನೋಡಿದರು. ಅಗ್ರಹಾರಕ್ಕೆ ಬಂದಾಗ ಪ್ರಹ್ಲಾದರಾಯರು ಜಗಲಿಯ ಮೇಲೆ ಚಾಪೆ ಹಾಕಿಸಿ, "ನಮ್ಮ ಬೀದೀಲಿ ಅಂಥದ್ದೆಲ್ಲ ಇಲ್ಲಪ್ಪ. ಕಾಫಿ ಕುಡಿದು ಹೊರಡಿ," ಎಂದರು. ಡಾಕ್ಟರು ಒಂದು ಗಳಿಗೆ ಅನುಮಾನಿಸಿದರು. ದೊಡ್ಡವರ ಮಾತು, ಕಾಫಿ ಕುಡಿದು ಎದ್ದು ಹೋದರು. ಆ ಕಾಫಿ ಮಾಡಿದವಳು ಗುಂಡಮ್ಮ. ಬಾಗಿಲ ಮರೆಯಲ್ಲಿ ನಿಂತು ಆ ಮಾತು ಕೇಳಿ ಅವಳಿಗೂ ಹೆಮ್ಮೆಯಾಗಿತ್ತು.

ಕಾಲೋನಿಯಲ್ಲಿ ಸಿಕ್ಕಿಬಿದ್ದವನು ಸೌದೆ ಮಾರುವ ಕದಿರಪ್ಪ. ಸಮಾರಾಧನೆಗೆಲ್ಲ ಸರ್ವೆ ಮರದ ಸೌದೆ ಅವನದೇ. ಸುದ್ದಿ ಹಬ್ಬಿದ ಮಾರನೆಯ ದಿನ ಅವನು ಎಂದಿನಂತೆ ಹೊರೆ ಹೊತ್ತು ಹಿತ್ತಲಿಗೆ ಬಂದ.

"ಕಣ್ಮುಚ್ಚಿಸಿ ಪುಕ್ಕ ಆಡಿಸ್ತಾರೆ ಅಮ್ಮಾ," ಎಂದ. "ಎಲ್ಲಿ ಮುಟ್ಟಿದ್ರೋ ಅಲ್ಲಿ ಬೆರಳಿಟ್ಟು ತೋರಿಸ್ಬೇಕು. ನಂಗೆ ತೋರಿಸಕ್ಕಾಗ್ಲಿಲ್ಲ. ಗುಳಿಗೆ ಕೊಟ್ಟವ್ರೆ, ವಾಸಿ ಆಗ್ತದಂತೆ."

"ಇನ್ಮೇಲೆ ಈ ಕಡೆ ಬರಬೇಡಪ್ಪ," ಎಂದಳು ಗುಂಡಮ್ಮ, ಹೊಸಿಲ ಒಳಗಿನಿಂದಲೇ. ಅವನು ಹೊರೆ ಎತ್ತಿಕೊಂಡು ಹೋದ ಮೇಲೆ ನಿಂತಿದ್ದ ಜಾಗಕ್ಕೆ ಸಗಣಿ ನೀರು ಚಿಮುಕಿಸಿದಳು. ಊರಲ್ಲಿ ಯಾರೂ ಅವನ ಸೌದೆ ಕೊಳ್ಳಲಿಲ್ಲ. ಶೆಟ್ಟರ ಅಂಗಡಿಯಲ್ಲಿ ಅವನ ಕಾಸನ್ನು ನೀರಿಗೆ ಹಾಕಿಸಿಕೊಂಡು ಆಮೇಲೆ ಮುಟ್ಟುತ್ತಿದ್ದರು.

ಭಯ ಅವಳ ಮನೆಗೆ ಕಾಲಿಟ್ಟದ್ದು ಎರಡು ವರ್ಷ ಕಳೆದ ಮೇಲೆ, ಒಂದು ದ್ವಾದಶಿಯ ಬೆಳಿಗ್ಗೆ. ಮಾಧವಿಗೆ ಆಗ ಎಂಟು ತುಂಬಿತ್ತು. "ಅಮ್ಮಾ, ನಿನ್ನ ಕಿರುಬೆರಳು ನೋಡು," ಎಂದಳು. ಬೆರಳ ತುಂಬ ನೀರ್ಗುಳ್ಳೆ. ಯಾವಾಗ ಸುಟ್ಟಿತು? ಗುಂಡಮ್ಮನಿಗೆ ನೆನಪೇ ಇಲ್ಲ. ಒತ್ತಿ ನೋಡಿದಳು, ಗುಳ್ಳೆ ಒಡೆದು ನೀರು ಹರಿಯಿತು. ನೋವು ಮಾತ್ರ ಬರಲಿಲ್ಲ. ನೋವಿಗಾಗಿ ಕಾಯುವ ಹಣೆಬರಹ ತನಗೆ ಬಂದೀತೆಂದು ಅವಳು ಕನಸಲ್ಲೂ ಎಣಿಸಿರಲಿಲ್ಲ. ಕದಿರಪ್ಪನ ಮಾತು ನೆನಪಾಯಿತು.

ಅಂದು ಮಧ್ಯಾಹ್ನ ಹೂಬತ್ತಿ ಹೊಸೆಯುತ್ತಾ ಕೂತವಳು ಮಗಳನ್ನು ಕರೆದಳು. "ಬಾರೇ, ಒಂದು ಆಟ ಆಡೋಣ. ನಾನು ಕಣ್ಮುಚ್ಚಿರ್ತೀನಿ. ನೀನು ನನ್ನ ಕೈಗೆ ಹತ್ತಿ ಮುಟ್ಟಿಸು. ಎಲ್ಲಿ ಅಂತ ನಾನು ಹೇಳ್ತೀನಿ."

ಕಣ್ಣು ಮುಚ್ಚಿದಳು. ಕಾದಳು. ಹೊರಗೆ ಯಾರೋ ಬಾವಿಗೆ ಬಿಂದಿಗೆ ಇಳಿಸುವ ಸದ್ದು ಕೇಳಿತು.

"ಮುಟ್ಟಿಸೇ," ಎಂದಳು.

"ಆಗ್ಲೇ ಮುಟ್ಟಿಸ್ತಾ ಇದೀನಲ್ಲಮ್ಮ," ಎಂದು ಮಾಧವಿ ನಕ್ಕಳು. "ಸೋತೆ, ಸೋತೆ. ಈಗ ನನ್ನ ಸರದಿ."

ಮಗಳು ಪ್ರತಿ ಸಲವೂ ಗೆದ್ದಳು. ಗುಂಡಮ್ಮನಿಗೆ ಉಸಿರು ಬಂತು. ತನ್ನದು ತನಗಿರಲಿ, ಬಾಯಿ ಮುಚ್ಚಿಕೊಂಡು ಇದ್ದುಬಿಡುತ್ತೇನೆ ಅಂತ ನಿಶ್ಚಯಿಸಿದಳು. ಅಡುಗೆ ಬಿಟ್ಟರೆ ಅವಳಿಗೆ ಗತಿಯೇನಿತ್ತು? ಬೆರಳಿಗೆ ಅರಿಶಿನದ ಬಟ್ಟೆ ಸುತ್ತಿ, ಈಳಿಗೆಮಣೆ ತಾಗಿತು ಎಂದು ಕೇಳಿದವರಿಗೆಲ್ಲ ಹೇಳಿದಳು. ಬಡಿಸುವಾಗ ಬೆರಳು ಬಾಗಿದ್ದು ಕಾಣದಂತೆ ಸೌಟನ್ನು ಮುಷ್ಟಿಯಲ್ಲಿ ಹಿಡಿದಳು. ಯಾರಾದರೂ ತನ್ನ ಕೈ ನೋಡಿದರೆ ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು. ನೋಡದಿದ್ದರೆ, ಯಾಕೆ ನೋಡಲಿಲ್ಲ ಎಂಬ ದಿಗಿಲು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಏನೂ ಕದಿಯದೆ ಅವಳು ಆ ಪಾಡು ಪಟ್ಟಳು.

ಮುಂದಿನ ಚಳಿಗಾಲದಲ್ಲಿ ಮಗಳಿಗೆ ಎಣ್ಣೆ ಒತ್ತುವಾಗ ಕಂಡಿತು: ಬೆನ್ನ ಮೇಲೆ, ರೆಕ್ಕೆಮೂಳೆಯ ಹತ್ತಿರ, ರೂಪಾಯಿ ಅಗಲದ ಬಿಳಿಚಿದ ಮಚ್ಚೆ. ಗುಂಡಮ್ಮ ಎಣ್ಣೆಯ ಕೈಯನ್ನು ತಟ್ಟನೆ ಹಿಂದಕ್ಕೆಳೆದುಕೊಂಡಳು. ದಿನವೂ ತನ್ನ ತೋಳಿನ ಮೇಲೆ ತಲೆಯಿಟ್ಟು ಮಲಗುವ ಮಗು. ಹತ್ತಿ ತಂದು ಮುಟ್ಟಿಸಿ ನೋಡೋಣವೆಂದರೆ ಧೈರ್ಯ ಬರಲಿಲ್ಲ. ಮಗಳು ಸೋತುಬಿಟ್ಟರೆ?

ಅದೇ ವಾರ ತಂಡ ಮತ್ತೆ ಬಂದು ಸರ್ಕಾರಿ ಶಾಲೆಯಲ್ಲಿ ಕೂತಿತು. ಹೋದರೆ ಅಗ್ರಹಾರಕ್ಕೆ ತಿಳಿಯುತ್ತದೆ. ಹೋಗದಿದ್ದರೆ ಈ ಎಳೆ ಕೈಯೂ ತನ್ನ ಕೈಯಂತೆ ಆಗುತ್ತದೆ. ಒಲೆಯ ಮುಂದೆ ಕೂತು ಅನ್ನ ಸೀದುಹೋಗುವವರೆಗೂ ಯೋಚಿಸಿದಳು. ಆಮೇಲೆ ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಮಗಳ ಜೊತೆ ಹೊರಟಳು.

ಶಾಲೆಯ ಕೋಣೆಯಲ್ಲಿ ಡಾಕ್ಟರ ಪಕ್ಕ ರಾಘವೇಂದ್ರ ಮೇಷ್ಟ್ರು ನಿಂತಿದ್ದರು. ಅಗ್ರಹಾರದವರೇ, ಗುಂಡಮ್ಮನ ಹೋಳಿಗೆಯನ್ನು ಲೆಕ್ಕವಿಲ್ಲದೆ ತಿಂದವರು. ಅವರನ್ನು ಕಂಡು ಅವಳಿಗೆ ವಾಪಸ್ಸು ಹೋಗಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಮಾಧವಿ ಬೆಂಚಿನ ಮೇಲೆ ಕೂತಾಗಿತ್ತು. ಡಾಕ್ಟರು ಮಚ್ಚೆಯ ಮೇಲೆ ಪುಕ್ಕ ಆಡಿಸಿದರು. ಹುಡುಗಿ ಕಚಗುಳಿಯಾಗಿ ನಕ್ಕು, ಕೈ ಹಿಂದಕ್ಕೆ ಚಾಚಿ, ಸರಿಯಾದ ಜಾಗವನ್ನೇ ತೋರಿಸಿದಳು. ಮತ್ತೆ ಮುಟ್ಟಿದರು; ಮತ್ತೆ ತೋರಿಸಿದಳು.

"ಇದು ಬರೀ ಸಿಬ್ಬು ಅಮ್ಮ, ಆ ರೋಗ ಅಲ್ಲ. ಸೊಪ್ಪು, ಹಾಲು ಕೊಡಿ, ಹೋಗ್ತದೆ. ಹೆದರಬೇಡಿ."

ಗುಂಡಮ್ಮನ ಕಣ್ಣಲ್ಲಿ ನೀರು ಬಂತು. ಅವಳು ಬಂದ ಕೆಲಸ ಮುಗಿದಿತ್ತು. ಅವಳ ಕೈಯನ್ನು ಯಾರೂ ಕೇಳಿರಲಿಲ್ಲ. "ನಡಿಯೇ ಹೋಗೋಣ," ಎಂದು ಬಾಗಿಲ ಕಡೆ ತಿರುಗಿದಳು.

"ನೋಡ್ದ್ಯಾ, ನಾನೇ ಗೆದ್ದೆ," ಎಂದಳು ಮಾಧವಿ. ಆಮೇಲೆ ಡಾಕ್ಟರಿಗೆ, "ನಮ್ಮಮ್ಮ ಈ ಆಟದಲ್ಲಿ ಸೋತೋಗ್ತಾಳೆ. ಕೈಗೆ ಎಲ್ಲಿ ಮುಟ್ಟಿಸಿದ್ರೂ ಗೊತ್ತಾಗಲ್ಲ ಅವಳಿಗೆ," ಎಂದಳು.

ಮೇಷ್ಟ್ರು ಜೋರಾಗಿ ನಕ್ಕರು. "ಮಕ್ಕಳ ಮಾತು ಬಿಡಿ ಡಾಕ್ಟ್ರೆ. ಈಯಮ್ಮನ ಕೈ ಅಂದ್ರೆ ಏನಂದ್ಕೊಂಡ್ರಿ? ಇಪ್ಪತ್ತು ಸೇರಿನ ಹುಳಿ ಪಾತ್ರೆ ಬರಿಗೈಲಿ ಇಳಿಸ್ತಾರೆ. ಒಂದು ದಿನ ಅಮ್ಮಾ ಅಂದೋರಲ್ಲ."

ಡಾಕ್ಟರ ಮುಖದ ಮೇಲಿನ ನಗು ಇಳಿದುಹೋಯಿತು. "ಬರಿಗೈಲಾ?" ಎಂದು ಮೆಲ್ಲಗೆ ಕೇಳಿದರು.

ಮೇಷ್ಟ್ರಿಗೆ ತಾವಾಡಿದ್ದು ಏನೆಂದು ತಿಳಿಯಲು ಸ್ವಲ್ಪ ಹೊತ್ತೇ ಹಿಡಿಯಿತು. ತಿಳಿದ ಮೇಲೆ ಅವರು ಒಂದು ಹೆಜ್ಜೆ ಹಿಂದೆ ಸರಿದರು. ಗುಂಡಮ್ಮ ಆ ಹೆಜ್ಜೆಯನ್ನು ನೋಡಿದಳು. ಇನ್ನು ಮುಚ್ಚಿಟ್ಟುಕೊಂಡು ಯಾವ ಪುರುಷಾರ್ಥ ಸಾಧಿಸಬೇಕಾಗಿತ್ತು? ಬೆಂಚಿನ ಮೇಲೆ ಕೂತು, ಸೆರಗು ಬಿಚ್ಚಿ, ಕೈಗಳನ್ನು ಮುಂದೆ ಚಾಚಿದಳು.

ಡಾಕ್ಟರು ಮೊಣಕೈ ಹಿಂದಿನ ನರವನ್ನು ಒತ್ತಿ ನೋಡಿದರು. ಅದು ಹಗ್ಗದಂತೆ ದಪ್ಪವಾಗಿತ್ತು. "ಎಷ್ಟು ದಿನದಿಂದ ಹೀಗೆ ಅಮ್ಮ?"

"ನೀವು ಜಗಲಿ ಮೇಲೆ ಕೂತು ಕಾಫಿ ಕುಡಿದಿರಲ್ಲ, ಆಗ್ಲೇ ಇತ್ತು," ಎಂದಳು ಗುಂಡಮ್ಮ. "ಆ ಕಾಫಿ ಮಾಡಿದೋಳು ನಾನೇ."

ಡಾಕ್ಟರು ತಲೆ ತಗ್ಗಿಸಿದರು. "ಅವತ್ತೇ ನೋಡಿದ್ರೆ ಈ ಕೈ ಉಳೀತಿತ್ತು. ಕದಿರಪ್ಪಂದು ಉಳೀತು," ಎಂದರು. "ರೋಗ ನಿಲ್ಲಿಸ್ತೀನಿ ಅಮ್ಮ, ಅದಕ್ಕೆ ಗುಳಿಗೆ ಇದೆ. ಸತ್ತಿರೋ ಸ್ಪರ್ಶ ವಾಪಸ್ ತರೋದು ನನ್ನ ಕೈಲಾಗಲ್ಲ."

ಅವಳು ಅಡುಗೆಯ ಮಾತೆತ್ತಲಿಲ್ಲ. ಅದು ಮೇಷ್ಟ್ರ ಆ ಹೆಜ್ಜೆಯಲ್ಲೇ ಮುಗಿದಿತ್ತು. ಸಂಜೆಯೊಳಗೆ ಅಗ್ರಹಾರದ ಪಾತ್ರೆಗಳೆಲ್ಲ ಮೈಲಿಗೆ ಕಳೆಯಲು ಕಲಾಯಿಗೆ ಹೊರಡುತ್ತವೆಂದು ಅವಳಿಗೆ ಗೊತ್ತಿತ್ತು. ಅವಳು ಕೇಳಿದ್ದು ಒಂದೇ: "ಇವಳನ್ನ ಮುಟ್ಟಬಹುದಾ?"

"ಮುಟ್ಟಿ. ಗುಳಿಗೆ ತಪ್ಪಿಸಬೇಡಿ, ಮಗೂನ ಆಗಾಗ ತೋರಿಸ್ತಾ ಇರಿ. ಆದ್ರೆ ಮುಟ್ಟಿ."

ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಶಾಲೆಯ ಜಗಲಿಯಲ್ಲಿ ಕೇಳಿಸಿಕೊಂಡು ನಿಂತಿದ್ದವರು ದಾರಿ ಬಿಟ್ಟು, ಬೇಕಾದ್ದಕ್ಕಿಂತ ಹೆಚ್ಚೇ ದೂರ ನಿಂತರು. ಮಾಧವಿ ಬಂದು ಕೈ ಹಿಡಿದಳು. ಇಬ್ಬರೂ ಬೀದಿಗಿಳಿದರು. ನಾಲ್ಕು ಹೆಜ್ಜೆ ನಡೆದಿರಬಹುದು, ಮಗಳು ಕೈ ಬಿಟ್ಟಳೇನೋ ಅನ್ನಿಸಿತು ಗುಂಡಮ್ಮನಿಗೆ. ಬಗ್ಗಿ ನೋಡಿದಳು. ಮಗಳ ಬೆರಳುಗಳು ಅವಳ ಬೆರಳುಗಳನ್ನು ಬಿಗಿಯಾಗಿಯೇ ಹಿಡಿದಿದ್ದವು. ಮನೆ ಸೇರುವವರೆಗೂ ಅವಳು ಹಾಗೆಯೇ ಮತ್ತೆ ಮತ್ತೆ ಬಗ್ಗಿ ನೋಡಿಕೊಳ್ಳುತ್ತಾ ನಡೆದಳು.