ಕೋರ್ಟಿಗೆ ಹಾಕಿಕೊಂಡು ಹೋದ ಸೂಟು

ನಮ್ಮ ದರ್ಜಿಗೆ ‘ಸೂಟು ಮೇಷ್ಟ್ರು’ ಎಂಬ ಅಡ್ಡಹೆಸರು ಅಂಟಿದ್ದು ಹೊಲಿಗೆಯಿಂದಲ್ಲ, ಗತ್ತಿನಿಂದ. ಹಾಲು ತರಲು ಹೋಗುವಾಗಲೂ ಇಸ್ತ್ರಿ ಮುರಿಯದ ಪ್ಯಾಂಟು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಕಟ್ಟಿದವರು ಇವರನ್ನು ಎದುರಿಗೆ ಕೂರಿಸಿಕೊಂಡೇ ಕಟ್ಟಿರಬೇಕು. ಹೆಂಡತಿ ಅದೇ ಅಂಗಡಿಯಲ್ಲಿ ವರ್ಷಗಟ್ಟಲೆ ಕಾಜಾ ಹೊಲಿದು, ಗುಂಡಿ ಹಾಕಿ, ಕೊನೆಗೊಂದು ದಿನ ಆ ಗತ್ತಿಗೆ ದೊಡ್ಡ ನಮಸ್ಕಾರ ಹಾಕಿ ಮಗಳ ಜೊತೆ ಹೊರಟುಹೋದಳು. ವಿಚ್ಛೇದನವಾಯಿತು. ಮಗಳ ಖರ್ಚಿಗೆ ತಿಂಗಳು ತಿಂಗಳು ಇಷ್ಟು ಕೊಡಬೇಕೆಂದು ಕೋರ್ಟು ಆದೇಶ ಮಾಡಿತು. ಮೇಷ್ಟ್ರು ತಪ್ಪದೆ ಕೊಡುತ್ತಿದ್ದರು.

ಆಮೇಲೆ ಮೆಟ್ಟಿಲಿಂದ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಸೊಟ್ಟಗೆ ಕೂಡಿಕೊಂಡಿತು. ದೊಡ್ಡ ಕತ್ತರಿ ಹಿಡಿಯಲಾಗದೆ ಕೋಟು ಹೊಲಿಯುವ ಕೆಲಸ ನಿಂತು, ಜಿಪ್ಪು ಬದಲಿಸುವುದಕ್ಕೆ ಇಳಿದರು. ಮಗಳಿಗೆ ಕಳಿಸುವ ದುಡ್ಡನ್ನು ಯಾರಿಗೂ ಹೇಳದೆ ಕೇಳದೆ ಅರ್ಧಕ್ಕಿಳಿಸಿದರು. ಆ ಕಡೆಯಿಂದ ನೋಟಿಸು ಬಂದಾಗ ವಕೀಲಮ್ಮನ ಬಳಿ ಓಡಿದರು.

“ಕೈಯೇ ಮುರಿದ ಮೇಲೆ ಆ ಆದೇಶ ಇನ್ನೆಲ್ಲಿ ಮೇಡಂ?”

“ಮುರಿದಿದ್ದು ನಿಮ್ಮ ಕೈ, ಕೋರ್ಟಿನ ಕೈ ಅಲ್ಲ,” ಎಂದರು ವಕೀಲಮ್ಮ. “ಸಂಪಾದನೆ ಬಿತ್ತು, ಮೊತ್ತ ಇಳಿಸಿ ಅಂತ ಅರ್ಜಿ ಹಾಕಬೇಕಿತ್ತು. ಜಡ್ಜು ಬದಲಾಯಿಸೋವರೆಗೂ ಹಳೇದೇ ಲೆಕ್ಕ. ಬಾಕಿ ಎಲ್ಲೂ ಹೋಗಲ್ಲ. ಕಟ್ಟದೇ ಇದ್ರೆ ನೀವೇ ಹೋಗ್ತೀರಿ, ಒಳಗೆ.”

ಜೈಲಿಗಿಂತ ಹೆಚ್ಚಾಗಿ, ‘ನಮ್ಮಪ್ಪ ಜೈಲಲ್ಲಿದ್ದಾರೆ’ ಎಂದು ಮಗಳು ಶಾಲೆಯಲ್ಲಿ ಹೇಳಬೇಕಾದೀತೆಂದು ಅವರು ಹೆದರಿದರು. ಅಂದೇ ಅರ್ಜಿ ಹಾಕಿಸಿದರು. ಆಸ್ಪತ್ರೆಯ ಚೀಟಿ ತನ್ನಿ, ಎಕ್ಸ್‌ರೇ ತನ್ನಿ ಎಂದೆಲ್ಲ ಹೇಳಿದ ವಕೀಲಮ್ಮ, ಏನು ಹಾಕಿಕೊಂಡು ಬರಬೇಕೆಂದು ಮಾತ್ರ ಹೇಳಲಿಲ್ಲ. ಅಲ್ಲೇ ಎಡವಟ್ಟಾಯಿತು.

ಬಡತನ ಸಾಬೀತು ಮಾಡಲು ಮೇಷ್ಟ್ರು ಬೂದು ಬಣ್ಣದ ಸೂಟಿನಲ್ಲಿ, ಒಳಗೆ ವೇಸ್ಟ್‌ಕೋಟನ್ನೂ ಹಾಕಿಕೊಂಡು, ಮದುಮಗನಂತೆ ಬಂದು ನಿಂತರು.

“ಇವರ ದಾರಿದ್ರ್ಯ ತಾವೇ ನೋಡಬೇಕು ಸ್ವಾಮಿ,” ಎಂದರು ಎದುರು ವಕೀಲರು. ಕೋರ್ಟೆಲ್ಲ ನಕ್ಕಿತು.

ಜಡ್ಜು ಕನ್ನಡಕ ತೆಗೆದರು. “ಸೂಟು ನಿಮ್ಮದೇನ್ರೀ?”

ನಿಜ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಗಿರಾಕಿಯ ಬಟ್ಟೆ ಮೈಗೇರಿಸಿದೆ ಎಂದು ದರ್ಜಿಯಾದವನು ನಾಲ್ಕು ಜನರೆದುರು ಒಪ್ಪಿಕೊಳ್ಳುವುದುಂಟೇ? “ನನ್ನದೇ ಸ್ವಾಮಿ,” ಎಂದು ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡರು.

“ಸುಳ್ಳು!” ಎಂದು ಎದ್ದು ನಿಂತವಳು ಹಳೆಯ ಹೆಂಡತಿ. “ಭುಜ ನೋಡಿ ಸ್ವಾಮಿ, ಎರಡು ಬೆರಳು ಜಾಸ್ತಿ ಇದೆ. ತನಗೇ ಅಂತ ಹೊಲ್ಕೊಂಡಿದ್ರೆ ಹೀಗೆ ಜೋತುಬೀಳೋಕೆ ಬಿಡ್ತಿದ್ರಾ ಇವರು? ಯಾವನೋ ಗಿರಾಕಿದು. ಅವನ ಮದುವೆ ಮುರಿದುಬಿತ್ತು ಅಂತ ತಗೊಂಡು ಹೋಗ್ಲೇ ಇಲ್ಲ. ಕಾಜಾ ಹೊಲಿದೋಳು ನಾನೇ!”

ಅವಳ ವಕೀಲರು ತಲೆ ಮೇಲೆ ಕೈ ಹೊತ್ತು ಕೂತರು. ಮಾಜಿ ಗಂಡನ ಸುಳ್ಳು ಹಿಡಿಯುವ ಹುರುಪಿನಲ್ಲಿ ತನ್ನ ಕೇಸನ್ನೇ ಕೆಡಿಸಿಕೊಂಡಿದ್ದಳು ಮಹಾತಾಯಿ.

“ಬಲಗೈಯಲ್ಲಿ ಆ ಗುಂಡಿ ಬಿಚ್ಚಿ, ನೋಡೋಣ,” ಎಂದರು ಜಡ್ಜು.

ಮೇಷ್ಟ್ರ ಬೆರಳು ಗುಂಡಿಯನ್ನು ಹುಡುಕಿತು, ಜಾರಿತು, ಮತ್ತೆ ಹುಡುಕಿತು. ಕೈ ಇಷ್ಟು ಕೆಟ್ಟಿದೆಯೆಂದು ಹಳೆಯ ಹೆಂಡತಿಗೂ ಗೊತ್ತಿರಲಿಲ್ಲ. ಅವಳು ನಿಂತೇ ಇದ್ದಳು.

ಅರ್ಜಿ ಹಾಕಿದ ದಿನದಿಂದ ಮೊತ್ತ ಇಳಿಯಿತು. ಅದಕ್ಕೂ ಹಿಂದಿನ ಬಾಕಿಯನ್ನು ಕಂತಿನಲ್ಲಿ ಪೂರ್ತಿ ಕಟ್ಟಬೇಕು, ಸಂಪಾದನೆ ಮತ್ತೆ ಏರಿದರೆ ಮೊತ್ತ ಏರಿಸಿ ಎಂದು ಅವಳೂ ಅರ್ಜಿ ಹಾಕಬಹುದು ಎಂದಿತು ಆದೇಶ.

ಹೊರಗೆ ಬೆಂಚಿನ ಮೇಲೆ ಮೇಷ್ಟ್ರು ಬೆವರುತ್ತಾ ಅದೇ ಗುಂಡಿಯ ಜೊತೆ ಗುದ್ದಾಡುತ್ತಿದ್ದರು. ಅವಳು ಬಂದು ಅವರ ಕೈ ಸರಿಸಿ ಒಂದೊಂದಾಗಿ ಬಿಚ್ಚಿದಳು.

“ಕೈ ಹೀಗಾಗಿದೆ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು?”

“ಮರ್ಯಾದೆ...”

“ಸುಡುಗಾಡು ಮರ್ಯಾದೆ! ಭಾನುವಾರ ಮನೆಗೆ ಬನ್ನಿ, ಮಗಳು ಕೇಳ್ತಿರ್ತಾಳೆ.” ನಾಲ್ಕು ಹೆಜ್ಜೆ ಹೋದವಳು ತಿರುಗಿದಳು. “ಗುಂಡಿ ಇಲ್ಲದ ಅಂಗಿ ಹಾಕ್ಕೊಂಡು ಬನ್ನಿ. ಅವಳೆದುರಿಗೆ ಹೀಗೆ ಒದ್ದಾಡಬೇಡಿ.”