ತಿನ್ನಲಾಗದ ಮೀನು ಹಿಡಿಯುವ ಪ್ಲೋನಿ

ಬೆಳಕು ಹರಿಯುವ ಮುಂಚೆಯೇ ಪ್ಲೋನಿ ಏರಿಯ ಮೆಟ್ಟಿಲಿಳಿದು ದೋಣಿಯಲ್ಲಿ ಕೂತಾಗಿದೆ. ಅಕ್ಟೋಬರಿನ ಮಂಜು ಎದುರು ದಡದ ಜೊಂಡನ್ನೆಲ್ಲ ನುಂಗಿಹಾಕಿದೆ. ನುಂಗಲಿ ಬಿಡಿ, ಎಪ್ಪತ್ತರ ಹೊಸ್ತಿಲಲ್ಲಿರುವ ಈ ಹೆಂಗಸಿಗೆ ಬಲೆ ಕಟ್ಟಿದ ಗೂಟ ಎಲ್ಲಿದೆ ಎನ್ನುವುದು ಅಡುಗೆಮನೆಯ ಉಪ್ಪಿನ ಡಬ್ಬಿ ಎಲ್ಲಿದೆ ಎನ್ನುವಷ್ಟೇ ಸಲೀಸಾಗಿ ಗೊತ್ತು. ಹಿಂದೆ ಕೂತು ಚುಕ್ಕಾಣಿ ಹಿಡಿದಿರುವವನು ಬಾಸ್ತಿಯಾನ್, ಪಕ್ಕದ ಮನೆಯವನು, ಒಂದು ಕಾಲದಲ್ಲಿ ಈ ಹೊಳೆಯ ಕಡವಿನ ಅಂಬಿಗ. ಬಾಯಿ ಸುಮ್ಮನಿರುವ ಜಾತಿಯಲ್ಲ.

"ಊರೋರೆಲ್ಲ ಹೊದ್ದು ಮಲಗಿರೋವಾಗ ನಾವಿಬ್ರು ಮುದುಕ್ರು ವಿಷ ಬಾಚೋಕೆ ಹೊರಟಿದ್ದೀವಿ" ಎನ್ನುತ್ತಾನೆ.

"ಬಾಯ್ಮುಚ್ಕೊಂಡು ಎಡಕ್ಕೆ ತಿರುಗಿಸು ಮಾರಾಯ" ಎನ್ನುತ್ತಾಳೆ ಪ್ಲೋನಿ.

ನೆದರ್ಲೆಂಡ್ಸಿನ ದಕ್ಷಿಣದಲ್ಲಿ, ಹೊಳೆಗಳೆಲ್ಲ ಕೂಡಿ ಕಡಲಿಗಿಳಿಯುವ ಮೊದಲು ಮೈ ಹರಡಿ ಮಲಗುವ ಕಡೆ, ಔಡೆಕ್ರೇಕ್ ಎಂಬ ಈ ಊರಿದೆ. ಇಲ್ಲಿ ಮನೆಯ ನೆಲಕ್ಕಿಂತ ನೀರೇ ಎತ್ತರ. ಹೊಳೆ ಹರಿದು ಬರುವ ಮೇಲಿನ ದೇಶಗಳ ಕಾರ್ಖಾನೆಗಳು ಹಿಂದೆ ಬಿಟ್ಟದ್ದೆಲ್ಲ ಹರಿದು ಬಂದು ನಮ್ಮ ಹೊಳೆಯ ತಳದಲ್ಲೇ ಕೂತಿತು. ಉಂಡವರು ಅವರು, ಎಂಜಲು ಬಳಿಯುವವರು ನಾವು! ಈಗ ನೀರು ತಿಳಿಯಾಗಿದೆ ನಿಜ, ಆದರೆ ಕೆಸರು ಮರೆತಿಲ್ಲ. ಆ ಕೆಸರಿನಲ್ಲೇ ವರ್ಷಾನುಗಟ್ಟಲೆ ಹೊರಳುವ ಹಾವುಮೀನು ವಿಷವನ್ನು ತನ್ನ ಕೊಬ್ಬಿನಲ್ಲಿ ಕೂಡಿಡುತ್ತದೆ. ಅದಕ್ಕೇ ಈ ಹೊಳೆಯ ಹಾವುಮೀನು ಹಿಡಿದು ಮಾರುವಂತಿಲ್ಲ. ಜಲಮಂಡಳಿಯ ಪರವಾಗಿ ಪರೀಕ್ಷೆಗೆಂದು ಹಿಡಿಯುವವಳು ಪ್ಲೋನಿ ಒಬ್ಬಳೇ. ಬಲೆಗೆ ಬಿದ್ದದ್ದನ್ನೆಲ್ಲ ಸಣ್ಣದು ದೊಡ್ಡದು ಎನ್ನದೆ ಚೀಲಕ್ಕೆ ಹಾಕಿ ಕೊಡಬೇಕು. ಅಲ್ಲಿ ಎಲ್ಲವನ್ನೂ ಒಟ್ಟಿಗೆ ಅರೆದು, ವಿಷ ಎಷ್ಟಿದೆ ನೋಡುತ್ತಾರೆ. ಸರ್ಕಾರ ಎಳೆದ ಗೆರೆಯ ಕೆಳಗೆ ಬಂದರೆ ಹೊಳೆ ಮತ್ತೆ ಬೆಸ್ತರಿಗೆ ತೆರೆಯುತ್ತದೆ.

ತೆರೆದಿದ್ದ ಕಾಲವನ್ನು ನೆನೆದರೆ ಈ ಓಣಿಯವರಿಗೆ ಈಗಲೂ ಬಾಯಲ್ಲಿ ನೀರೂರುತ್ತದೆ. ಪ್ಲೋನಿಯ ಗಂಡ ಕ್ರೈನ್ ಹಾವುಮೀನಿನ ಬೆಸ್ತ, ಅವನಪ್ಪನೂ ಅಷ್ಟೇ. ಶನಿವಾರ ಮಧ್ಯಾಹ್ನ ಮನೆಮುಂದೆ ಕಬ್ಬಿಣದ ಪೀಪಾಯಿಯಲ್ಲಿ ಓಕ್ ಮರದ ಹೊಟ್ಟಿನ ಹೊಗೆಗೆ ಮೀನು ಬೇಯತೊಡಗಿದರೆ ಏರಿಯುದ್ದಕ್ಕೂ ಜನ ಸಾಲುಗಟ್ಟುತ್ತಿದ್ದರು. ತಟ್ಟೆ ಇಲ್ಲ, ಚಮಚ ಇಲ್ಲ. ಬಿಸಿ ಮೀನಿನ ಚರ್ಮ ಸುಲಿದು ನಿಂತಲ್ಲೇ ಹಲ್ಲಿಗೆ ಹಚ್ಚಿ ಎಳೆಯುವುದು. ಕೈಗಂಟಿದ ಕೊಬ್ಬು ಸಾಬೂನಿಗೆ ಜಗ್ಗುವುದಿಲ್ಲವಾದ್ದರಿಂದ ಪ್ಲೋನಿ ಸೀಸೆ ಹಿಡಿದು ಒಬ್ಬೊಬ್ಬರ ಬೆರಳಿಗೂ ಯೆನೇವರ್ ಸಾರಾಯಿ ಸುರಿಯುತ್ತಿದ್ದಳು.

"ನಮ್ಮ ಪಾದ್ರಿಗಳೂ ಕೈ ಚಾಚೋರು" ಎಂದು ನಗುತ್ತಾಳೆ. "ವಾಸನೆ ಹೋಗ್ಲಿ ಅಂತ ಅಷ್ಟೇ ಅಮ್ಮ, ಅನ್ನೋರು. ಆಮೇಲೆ ಆ ಕಡೆ ತಿರುಗಿ ಬೆರಳು ಚೀಪೋರು. ಎಂಥ ದಿನಗಳಪ್ಪ ಅವು."

ನಿಷೇಧ ಬಂದ ಮೇಲೆ ಉಳಿದ ಬೆಸ್ತರು ದೋಣಿ ಮಾರಿ ಬೇರೆ ದಾರಿ ನೋಡಿಕೊಂಡರು. ಕ್ರೈನ್ ಮಾರಲಿಲ್ಲ, ಜಲಮಂಡಳಿಯ ಈ ಪರೀಕ್ಷೆಯ ಕೆಲಸ ಹಿಡಿದ. ಮಂಡಿಗಳು ಕೈಕೊಟ್ಟು ಅವನು ಕಿಟಕಿಗೆ ಅಂಟಿ ಕೂತಾಗ ಪ್ಲೋನಿಯೇ ಬಲೆ ಎತ್ತಿಕೊಂಡಳು. ಬೇಸಿಗೆಯಲ್ಲಿ ಕಾಲುವೆಗಳ ನೀರು ತುಂಬಿಕೊಡುವುದು, ವಸಂತದಲ್ಲಿ ತಳದ ಕೆಸರು ಬಗೆದು ಕೊಡುವುದು, ಶರತ್ಕಾಲದಲ್ಲಿ ಈ ಮೀನು. ಚಳಿಗೆ ಬೆರಳು ಸೆಟೆದು ಗುಂಡಿ ಹಾಕಲಾಗದ ದಿನಗಳೂ ಉಂಟು. ಊರಿನ ಪಡ್ಡೆಗಳು ಇಟ್ಟ ಹೆಸರು 'ವಿಷದ ಪ್ಲೋನಿ'. ಅವಳಿಗೆ ಬೇಜಾರಿಲ್ಲ.

ಕ್ರೈನನದು ಒಂದೇ ಆಸೆ. ಸಾಯುವ ಮುಂಚೆ ಒಮ್ಮೆ ತನ್ನ ಹೊಳೆಯ ಹಾವುಮೀನು ತಿನ್ನಬೇಕು. ಒಂದನ್ನು ಕೋಟಿನೊಳಗೆ ಬಚ್ಚಿಟ್ಟು ತಂದುಕೊಡುವುದು ಪ್ಲೋನಿಗೆ ದೊಡ್ಡ ಮಾತಲ್ಲ. ಹಾಗೆ ಮಾಡಬಾರದೇ ಎಂದವರ ಮೇಲೆ ಕ್ರೈನ್ ಸಿಡಿಯುತ್ತಾನೆ: "ನಮ್ಮಪ್ಪ ಬೀದಿಲಿ ನಿಂತು ಸುಟ್ಟ ಮೀನನ್ನ ನಾನು ಬಾಗಿಲು ಹಾಕ್ಕೊಂಡು ತಿನ್ಲಾ? ಹೊಗೆ ಏಳ್ಬೇಕು, ಜನ ಬರ್ಬೇಕು. ಇಲ್ದಿದ್ರೆ ಬೇಡ."

ಹೋದ ವರ್ಷ ಪರೀಕ್ಷೆಯಲ್ಲಿ ವಿಷ ಗೆರೆಗಿಂತ ಕೂದಲೆಳೆಯಷ್ಟು ಹೆಚ್ಚಾಗಿತ್ತು. ಈ ಸಲ ಪಾಸು ಗ್ಯಾರಂಟಿ ಎಂದು ಓಣಿಯೇ ಲೆಕ್ಕ ಹಾಕಿದೆ. ಕ್ರೈನ್ ಹಟ ಹಿಡಿದು ಪೀಪಾಯಿಯನ್ನು ಹೊರಗೆ ತರಿಸಿ ತುಕ್ಕು ಉಜ್ಜಿಸಿದ್ದಾನೆ.

ಮಂಜಿನಲ್ಲಿ ಪ್ಲೋನಿ ಬಲೆ ಎಳೆಯುತ್ತಾಳೆ. ಅಗಲ ಬಾಯಿಯ ಉದ್ದ ಚೀಲದಂಥ ಬಲೆ, ಹೊಕ್ಕದ್ದು ಹಿಂದಿರುಗುವುದಿಲ್ಲ. ಒಂದೊಂದೇ ಬೀಳುತ್ತವೆ, ಎಲ್ಲ ಬೆರಳು ಗಾತ್ರದವು. ಈಚೆಗೆ ಕಡಲಿನಿಂದ ಬಂದ ಎಳೆಯವು, ಅವುಗಳಲ್ಲಿ ವಿಷ ಕಡಿಮೆ. ಬಾಸ್ತಿಯಾನನ ಮುಖ ಅರಳುತ್ತದೆ. ಅಷ್ಟರಲ್ಲಿ ಬಲೆಯ ತುದಿಯಿಂದ ದಪ್ಪನೆಯದೊಂದು ದಬ್ಬನೆ ದೋಣಿಗೆ ಬೀಳುತ್ತದೆ. ಹೊಟ್ಟೆ ಬೆಳ್ಳಿ, ಕಣ್ಣು ದೊಡ್ಡದು. ಈ ಕೆಸರಿನಲ್ಲೇ ಆಯುಸ್ಸು ಕಳೆದು, ಮೊಟ್ಟೆಯಿಡಲು ಕಡಲಿಗೆ ಹೊರಟ ಮುದಿ ಮೀನು.

ಬಾಸ್ತಿಯಾನ್ ಮೆಲ್ಲಗೆ ಹೇಳುತ್ತಾನೆ: "ಬಿಟ್ಬಿಡೇ ಅದನ್ನ. ಬಸುರಿ ಹೆಣ್ಣು ತವರಿಗೆ ಹೊರಟ ಹಾಗೆ ಹೊರಟಿದೆ ಪಾಪ. ಬಿಟ್ರೆ ಪುಣ್ಯ ಬರತ್ತೆ."

"ನಿನಗೆ ಯಾವಾಗಿನಿಂದ ಬಂತೋ ಇಷ್ಟು ಪುಣ್ಯದ ಚಿಂತೆ?"

"ಕ್ರೈನ್ ಇನ್ನೊಂದು ಚಳಿಗಾಲ ಕಾಣ್ತಾನೋ ಇಲ್ವೋ, ಪ್ಲೋನಿ. ಇದೊಂದು ಸೇರಿದ್ರೆ ಎಲ್ಲ ಹಾಳು."

ಪ್ಲೋನಿ ಎರಡೂ ಕೈಯಲ್ಲಿ ಮೀನು ಹಿಡಿದು ಬಹಳ ಹೊತ್ತು ಕೂತಿರುತ್ತಾಳೆ. ಅದು ಮುಂಗೈಗೆ ಸುತ್ತಿಕೊಳ್ಳುತ್ತದೆ. ಕೊನೆಗೆ ಬಿಡಿಸಿ ಚೀಲಕ್ಕೆ ಹಾಕಿ ಬಾಯಿ ಕಟ್ಟುತ್ತಾಳೆ. ಬಾಸ್ತಿಯಾನ್ ದೋಣಿಯನ್ನು ದಡಕ್ಕೆ ತಿರುಗಿಸುತ್ತಾನೆ.

"ಬಿಟ್ಬಿಡೋ ಆಸೆ ಆಗ್ಲಿಲ್ಲ ಅಂದ್ರೆ ಸುಳ್ಳಾಗತ್ತೆ" ಎನ್ನುತ್ತಾಳೆ ಆಮೇಲೆ, ಏರಿಯ ಮೇಲೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತ. "ಆದ್ರೆ ಜನ ಆಗ ಮೀನು ಎಲ್ಲೀದು ಅಂತಿರ್ಲಿಲ್ಲ, ಪ್ಲೋನಿದಾ ಅಂತ ಕೇಳೋರು. ಹೂಂ ಅಂದ್ರೆ ಸಾಕು, ಮಕ್ಕಳ ಬಾಯಿಗಿಡೋರು. ಅಂಥವರಿಗೆ ಹೆಂಗೆ ಸುಳ್ಳು ಹೇಳ್ಲಿ?"

ಈ ಬರಹ ಅಚ್ಚಿಗೆ ಹೋಗುವ ಹೊತ್ತಿಗೆ ಪರೀಕ್ಷೆಯ ಉತ್ತರ ಬಂದಿದೆ. ವಿಷ ಗೆರೆ ದಾಟಿದೆ, ಹೊಳೆ ತೆರೆಯುವುದಿಲ್ಲ. ಬಾಸ್ತಿಯಾನನ ಬಾಯಿಂದ ದಪ್ಪ ಮೀನಿನ ಸುದ್ದಿ ಓಣಿಗೆಲ್ಲ ಹಬ್ಬಿದೆ. ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ಮಾಡಿದಳು ಎಂದು ಬೇಕರಿಯಲ್ಲಿ ಕೆಲವರು ಮುಖ ತಿರುಗಿಸಿದ್ದಾರೆ. ಗಂಡನಿಗೆ ಮಾತ್ರ ಅವಳು ಆ ವಿಷಯ ಹೇಳಿರಲಿಲ್ಲ. ಅವನಿಗೂ ತಿಳಿದದ್ದು ಬಾಸ್ತಿಯಾನನಿಂದಲೇ.

"ಎಷ್ಟು ದಪ್ಪ ಇತ್ತು?" ಎಂದು ಕೇಳಿದನಂತೆ ಕ್ರೈನ್. ಅವಳು ತನ್ನ ಮಣಿಕಟ್ಟು ತೋರಿಸಿದಳು.

"ನನ್ನ ಹತ್ರ ಯಾಕೆ ಮುಚ್ಚಿಟ್ಟೆ?"

"ಬಿಟ್ಬಿಡಬೇಕಿತ್ತು ಅಂತ ನೀನೂ ಅಂತೀಯೇನೋ ಅಂತ ಭಯ."

"ಅಂತಿದ್ದೆ. ಖಂಡಿತ ಅಂತಿದ್ದೆ. ನೀನು ಕೇಳದೆ ಇದ್ದಿದ್ದೇ ಒಳ್ಳೇದಾಯ್ತು" ಎಂದು ಕ್ರೈನ್ ಅವಳ ಕೈ ಹಿಡಿದುಕೊಂಡ.

ಇದನ್ನು ಹೇಳುವಾಗ ಪ್ಲೋನಿಯ ಕಣ್ಣು ತುಂಬುತ್ತದೆ, ಒರೆಸಿಕೊಳ್ಳುವುದಿಲ್ಲ. ಬೇರೇನು ಆಸೆ ನಿಮಗೆ ಎಂದು ನಾನು ಕೇಳಿದರೆ ಹೊಳೆಯ ಕಡೆ ಕೈ ತೋರಿಸುತ್ತಾಳೆ.

"ಬಲೆಗೆ ದಪ್ಪದ್ದೇ ಬೀಳ್ಲಿ. ಅಂಥದ್ದನ್ನೇ ಕೊಟ್ಟು ಪಾಸಾಗ್ಬೇಕು ನಮ್ಮ ಹೊಳೆ. ಅವತ್ತು ನಾವಿಬ್ರೂ ಇಲ್ದಿದ್ರೂ ಪರವಾಗಿಲ್ಲ. ತಿನ್ನೋರು ಹೆದರದೆ ತಿನ್ಲಿ."